ಟವಲಿನ ಕೆಳಗೆ ಮುಗಿದ ತೀರ್ಪು

ಇದನ್ನು ಹೇಳದೆ ಬಹಳ ವರ್ಷ ತಳ್ಳಿದ್ದೇನೆ. ಮೊದಲು ಮೊಮ್ಮಗ ದೊಡ್ಡವನಾಗಲಿ ಅಂದುಕೊಂಡೆ. ಅವನು ದೊಡ್ಡವನಾದ. ಆಮೇಲೆ ಎಣ್ಣೆ ಗಿರಣಿಯ ಸಾಹುಕಾರ ಬದುಕಿರುವ ತನಕ ಬೇಡ, ಸುಮ್ಮನೆ ಅವನ ಮನೆಯವರಿಗೆ ಬೇಸರ ಅಂದುಕೊಂಡೆ. ಅವನೂ ಸತ್ತ, ಮಣ್ಣಿಗೆ ಹೋಗಿ ಬಂದೆ. ಕೊನೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದೆ. ಪೊರೆ ತೆಗೆಸಿದ್ದೂ ಆಯಿತು. ಈಗ ಎದುರು ಗೋಡೆಯ ಮೇಲೆ ಹರಿಯುವ ಇರುವೆಯೂ ಕಾಣುತ್ತದೆ. ಇನ್ನು ನೆಪ ಸಿಗುತ್ತಿಲ್ಲ.

ನಾನು ಓದಿದ್ದು ಹತ್ತನೇ ತರಗತಿ. ಕೊಟ್ಟೂರಿನ ಕುರಿ ದಲ್ಲಾಳಿಗಳ ಪೈಕಿ ಅಷ್ಟು ಓದಿದವನು ಆಗ ನಾನೊಬ್ಬನೇ. ಉಳಿದವರು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು. ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ. ನಾನು ಗೌರವದ ಅರ್ಧವನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಸಂತೆಗಳಿಗೂ ಕಂಕುಳಲ್ಲಿ ದಿನಪತ್ರಿಕೆ ಇಟ್ಟುಕೊಂಡು ಹೋಗುತ್ತಿದ್ದೆ. ಓದುತ್ತಿದ್ದುದು ಮೊದಲ ಪುಟದ ದೊಡ್ಡ ಅಕ್ಷರ. ಸಂಜೆಗೆ ಅದೇ ಪತ್ರಿಕೆಯ ಮೇಲೆ ಮಂಡಕ್ಕಿ ಸುರಿದುಕೊಂಡು ತಿನ್ನುತ್ತಿದ್ದೆ.

ನಮ್ಮ ಕಸುಬಿನ ಒಂದು ರೀತಿಯನ್ನು ಮೊದಲೇ ಹೇಳಿಬಿಡಬೇಕು. ಸಂತೆಯಲ್ಲಿ ನಾವು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರೂ ಕೈ ಚಾಚುತ್ತೇವೆ, ಮೇಲೆ ಒಂದು ಟವಲು ಹಾಸುತ್ತೇವೆ, ಕೆಳಗೆ ಬೆರಳು ಹಿಡಿದು ವ್ಯವಹಾರ. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದಷ್ಟೇ ಕಾಣುತ್ತದೆ. ಬಾಯಲ್ಲಿ ಮಳೆ, ಬೆಳೆ, ಹೆಣ್ಣು ನೋಡಿದ್ದು, ಏನೇನೋ ಮಾತು ನಡೆದಿರುತ್ತದೆ. ಕೊನೆಗೆ ಒಬ್ಬ ಇನ್ನೊಬ್ಬನ ಅಂಗೈಯನ್ನು ಗಟ್ಟಿಯಾಗಿ ಒತ್ತಿದರೆ ಮುಗಿಯಿತು. ಹಾಗೆ ಒತ್ತಿದವನು ಆಮೇಲೆ ಕುರಿಗೆ ಕಾಲಿಲ್ಲವೆಂದು ಗೊತ್ತಾದರೂ ಮಾತು ತಿರುಗಿಸಬಾರದು. ತಿರುಗಿಸಿದವನ ಕೈ ಹಿಡಿಯಲು ಮತ್ತೆ ಯಾರೂ ಬರುವುದಿಲ್ಲ. ಕುರಿಯ ಮಟ್ಟಿಗೆ ಇದು ಒಳ್ಳೆಯ ನಿಯಮವೇ. ನಾವು ಅದನ್ನು ಕುರಿಯ ಮಟ್ಟಕ್ಕೇ ಬಿಡಲಿಲ್ಲ.

ಇಸವಿ ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಎಣ್ಣೆ ಗಿರಣಿಯ ಸಾಹುಕಾರನದೊಂದು ಉದ್ದನೆಯ ಕೋಣೆ ಇತ್ತು. ಮೊದಲು ಅದರಲ್ಲಿ ಶೇಂಗಾ ಹಿಂಡಿಯ ಚೀಲ ತುಂಬುತ್ತಿದ್ದರು. ಅದನ್ನು ಒಬ್ಬ ಹೆಣ್ಣುಮಗಳು ಬಾಡಿಗೆಗೆ ಹಿಡಿದು ಕಂಪ್ಯೂಟರ್ ಅಂಗಡಿ ಇಟ್ಟಳು. ಆಕೆಯ ಗಂಡ ಲಾರಿ ಓಡಿಸುತ್ತಿದ್ದ, ಹೋದರೆ ತಿಂಗಳುಗಟ್ಟಲೆ ಮನೆ ಕಡೆ ಬರುತ್ತಿರಲಿಲ್ಲ. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಆಕೆ ಕಂಪ್ಯೂಟರ್ ಕಲಿತಿದ್ದಳಂತೆ. ಅಲ್ಲಿಯ ಯಾವುದೋ ಕಾಲೇಜು ಹಳೆಯವೆಂದು ಹೊರಗೆ ಹಾಕಿದ ಆರು ಯಂತ್ರಗಳನ್ನು ತಂದು, ಒಂದಕ್ಕೊಂದು ತಂತಿ ಎಳೆದು ಸಾಲಾಗಿ ಇಟ್ಟಿದ್ದಳು. ಹಗಲು ಲಗ್ನಪತ್ರಿಕೆ, ಅರ್ಜಿ, ಜಾತಕ ಬೆರಳಚ್ಚು ಮಾಡಿಕೊಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಆಟ.

ಆ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಕೋಟೆಗೆ ನಮ್ಮ ಕಡೆ ಕ್ವಾಟಿ ಅನ್ನುವುದರಿಂದ ಹುಡುಗರು ಕ್ವಾಟಿ ಆಟ ಅಂದರು, ಅದೇ ಉಳಿಯಿತು. ಕೆಂಪು ಕಡೆ ಮೂವರು, ನೀಲಿ ಕಡೆ ಮೂವರು. ಯಾರು ಮೊದಲು ಕೋಟೆಯ ಒಳಗೆ ಹೋಗುತ್ತಾರೋ ಅವರದು ಗೆಲುವು. ಕೈಯಲ್ಲಿ ಬಂದೂಕು, ದಾರಿಯಲ್ಲಿ ಕಾವಲಿನವರು, ಗುಂಡು, ಗದ್ದಲ. ನನ್ನ ಮೊಮ್ಮಗ ಆಗ ಐದನೇ ತರಗತಿ. ಶಾಲೆಯ ಚೀಲವನ್ನು ಕಟ್ಟೆಯ ಮೇಲೆ ಎಸೆದು ಅಲ್ಲಿಗೆ ಓಡುತ್ತಿದ್ದ. ರೊಟ್ಟಿ ತಿನ್ನುವಾಗಲೂ ಅದೇ ಮಾತು.

ಊರಿನ ಹಿರಿಯರಿಗೆ ಇದನ್ನು ಸಹಿಸಲಾಗಲಿಲ್ಲ. ಕಂಪ್ಯೂಟರ್ ಕಾವು ತಲೆಗೆ ಏರಿ ಹುಡುಗರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಕಿರಾಣಿ ಅಂಗಡಿಯವನು ಹೇಳಿದ. ಅವನಿಗೆ ಅದನ್ನು ಯಾರು ಹೇಳಿದರೋ ಅವನೇ ಬಲ್ಲ. ಟ್ಯೂಷನ್ ಹೇಳುವ ಮೇಷ್ಟ್ರು ಮಕ್ಕಳ ಭವಿಷ್ಯದ ಬಗ್ಗೆ ಕಣ್ಣೀರು ಹಾಕುವುದೊಂದು ಬಾಕಿ. ಅವರ ಚಾಪೆ ಖಾಲಿಯಾಗುತ್ತಿದ್ದುದನ್ನು ಅವರು ಹೇಳಲಿಲ್ಲ. ಇಸ್ಪೀಟು ಎಲೆ ಕೈಯಿಂದ ಇಳಿಸದ ಒಬ್ಬ, ಆಟದ ಚಟ ಬಹಳ ಕೆಟ್ಟದ್ದು ಎಂದು ಎಲೆ ಕಲೆಸುತ್ತಲೇ ನಿಟ್ಟುಸಿರು ಬಿಟ್ಟ. ಎಲ್ಲರೂ ಒಪ್ಪಿದ ಮಾತೊಂದಿತ್ತು: ಈ ಆಟ ಎಳೆಯ ಮಕ್ಕಳಿಗೆ ಹೊಡಿ ಬಡಿ ಕಲಿಸುತ್ತದೆ.

ಹೀಗೆ ಹೇಳಿದವರೆಲ್ಲ ಟಗರು ಕಾಳಗಕ್ಕೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದವರು. ನನಗೆ ಚೆನ್ನಾಗಿ ಗೊತ್ತು. ಆ ಟಗರುಗಳನ್ನು ಮಾರಿಸುತ್ತಿದ್ದವನೇ ನಾನು. ಎರಡು ಟಗರು ಹಿಂದಕ್ಕೆ ಸರಿದು ಓಡಿ ಬಂದು ತಲೆಗೆ ತಲೆ ಕೊಟ್ಟರೆ ತೆಂಗಿನಕಾಯಿ ಒಡೆದ ಸದ್ದು. ಮೂಗಿನಲ್ಲಿ ರಕ್ತ ಸುರಿಸುತ್ತ ಒಂದು ಕುಸಿಯುತ್ತಿತ್ತು. ಹೆಗಲ ಮೇಲಿನ ಕೂಸು ಚಪ್ಪಾಳೆ ತಟ್ಟಿದರೆ ಅಪ್ಪನಿಗೆ ಹೆಮ್ಮೆ. ಅತ್ತರೆ, ಗಂಡುಮಗ ಹೀಗೆ ಅಳುತ್ತಾನೇನು ಎಂದು ಕುಂಡೆಗೆ ಒಂದು ಏಟು. ಇಂಥವರಿಗೆ ಗಾಜಿನ ಪರದೆಯ ಮೇಲಿನ ಬಂದೂಕು ನೋಡಿ ಕರುಳು ಚುರುಕ್ ಎಂದಿತು. ನನಗೂ ಅನ್ನಿಸಿತು ಎಂದು ನಟಿಸಿದೆ.

ಕೊನೆಗೆ ದೈವ ಕೂಡಿಸುವುದೆಂದಾಯಿತು. ನಮ್ಮ ಕಡೆ ಊರ ಹಿರಿಯರು ಕೂಡಿದ ಸಭೆಗೆ ದೈವ ಎನ್ನುತ್ತೇವೆ. ಗುಡಿಯ ಕಟ್ಟೆಯ ಮೇಲೆ ಕೂಡುವುದೊಂದನ್ನು ಬಿಟ್ಟರೆ ದೇವರಿಗೂ ಅದಕ್ಕೂ ಸಂಬಂಧವಿಲ್ಲ. ಕೂತವರಿಗೆ ಅದು ಮರೆತುಹೋಗಿರುತ್ತದೆ, ಅಷ್ಟೇ. ಆಟ ಮಕ್ಕಳಿಗೆ ಯೋಗ್ಯವೋ ಅಲ್ಲವೋ ಎಂದು ಒಬ್ಬರು ಮೊದಲು ಹೋಗಿ ನೋಡಿ ಬರಬೇಕು, ಅವರ ಮಾತಿನ ಮೇಲೆ ತೀರ್ಪು ಎಂದು ಮಾತಾಯಿತು. ಯಾರು ಹೋಗಬೇಕು? ಮಾಸ್ತರ ಇದ್ದಾನಲ್ಲ, ಹತ್ತನೇ ತರಗತಿ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾನೆ. ಕುರಿಯ ಹಲ್ಲು ನೋಡಿ ವಯಸ್ಸು ಹೇಳುವವನನ್ನು ಕಂಪ್ಯೂಟರ್ ನೋಡಲು ಕಳಿಸಿದರು. ಬೇಡ, ನನಗೆ ತಿಳಿಯುವುದಿಲ್ಲ ಎಂದು ನಾನು ಅನ್ನಬೇಕಾಗಿತ್ತು. ಅನ್ನಲಿಲ್ಲ, ಮನೆಗೆ ಬಂದು ಹೆಂಡತಿಗೆ ಇಸ್ತ್ರಿ ಮಾಡಿದ ಧೋತರ ತೆಗೆದಿಡು ಅಂದೆ.

ಮರುದಿನ ಸಂತೆ. ಎಣ್ಣೆ ಗಿರಣಿಯ ಸಾಹುಕಾರ ಎಂದೂ ಕುರಿ ಕೊಂಡವನಲ್ಲ. ಅಂದು ನನ್ನ ಹತ್ತಿರ ಬಂದು ನಿಂತ. ದೈವದಲ್ಲಿ ನಡುವೆ ಕೂಡುವವನು ಅವನೇ. ಸುಮ್ಮನೆ ಒಂದು ಕುರಿಯ ಬೆನ್ನು ಸವರಿದ, ಹೆಗಲ ಮೇಲಿನ ಟವಲು ತೆಗೆದ.

"ಮಾಸ್ತರ, ಬೆರಳು ತಾ" ಅಂದ.

ಕೊಟ್ಟೆ. ಟವಲಿನ ಕೆಳಗೆ ನನ್ನ ಕೈ ಹಿಡಿದುಕೊಂಡೇ ಅವನು ಬಾಯಲ್ಲಿ ಶೇಂಗಾ ಬೆಳೆಯ ಮಾತಾಡಿದ. ನಡುನಡುವೆ ದನಿ ಇಳಿಸಿ ಹೇಳಬೇಕಾದ್ದನ್ನು ಹೇಳಿದ. ಅವನ ತಂಗಿಯ ಮಗ ಮೊಬೈಲ್ ಅಂಗಡಿ ಇಡಬೇಕೆಂದಿದ್ದಾನೆ, ಆ ಕೋಣೆಯೇ ಬೇಕಂತೆ. ಆದರೆ ಹೆಣ್ಣುಮಗಳನ್ನು ಹೊರಗೆ ಹಾಕಿದ ಎಂದು ನಾಳೆ ಊರು ಅನ್ನಬಾರದು. ದೈವವೇ ಬೇಡ ಅಂದರೆ ಅವನದೇನು ತಪ್ಪು? ಇಷ್ಟು ಹೇಳಿ ನನ್ನ ಅಂಗೈ ಒತ್ತಿದ. ನಾನೂ ಒತ್ತಿದೆ.

ಅವನು ನನಗೆ ಏನೂ ಕೊಡಲಿಲ್ಲ. ಕೊಟ್ಟಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಊರಿನ ದೊಡ್ಡ ಸಾಹುಕಾರ ಸಂತೆಯ ನಡುವೆ ನನ್ನ ಜೊತೆ ಟವಲು ಹಾಸಿದನಲ್ಲ, ಹತ್ತಾರು ಮಂದಿ ನೋಡಿದರಲ್ಲ, ಅಷ್ಟಕ್ಕೇ ನಾನು ಬಿದ್ದೆ. ಕುರಿಗೆ ಸೊಪ್ಪು ತೋರಿಸಿದ ಹಾಗೆ. ಹೀಗೆ ಆಟವನ್ನು ನೋಡುವ ಮುಂಚೆಯೇ ಅದರ ತೀರ್ಪು ಮುಗಿದಿತ್ತು.

ನೋಡುವ ಶಾಸ್ತ್ರ ಉಳಿದಿತ್ತು. ಒಂದು ಸಂಜೆ ಇಸ್ತ್ರಿಯ ಧೋತರ ಉಟ್ಟು ಹೋದೆ. ಅಂಗಡಿಯಾಕೆ ಎದ್ದು ನಿಂತು ಕುರ್ಚಿ ಕೊಟ್ಟಳು. ನಾನು ಯಾಕೆ ಬಂದಿದ್ದೇನೆಂದು ಆಕೆಗೆ ಗೊತ್ತಿತ್ತು. ಮುಚ್ಚಿದರೆ ಈ ಊರಿನಲ್ಲಿ ಬೇರೆ ಕೋಣೆ ಸಿಗುವುದಿಲ್ಲ, ಬಾಡಿಗೆ ಆಟದಿಂದಲೇ ಹುಟ್ಟಬೇಕು, ಬೆರಳಚ್ಚಿನಿಂದ ಹುಟ್ಟುವುದಿಲ್ಲ ಎಂದು ಅಳುಮುಖ ಮಾಡದೆ ಹೇಳಿದಳು. ತಾನು ಇಟ್ಟ ಕಟ್ಟಳೆಗಳನ್ನೂ ಹೇಳಿದಳು. ಒಂದು ತಾಸಿಗಿಂತ ಹೆಚ್ಚು ಇಲ್ಲ. ಮೂರನೇ ತರಗತಿಗಿಂತ ಚಿಕ್ಕವರಿಗೆ ಇಲ್ಲ. ಒಬ್ಬೊಬ್ಬರೇ ಆಡುವ ಆಟ ಯಾರಿಗೂ ಇಲ್ಲ. ಕೊನೆಯದು ಯಾಕೆ ಎಂದು ಕೇಳಿದೆ.

"ಒಬ್ಬಾವನ ಬಿಟ್ರ ಹುಡುಗ ಅದರೊಳಗ ಹೋಗಿಬಿಡ್ತಾನ್ರಿ ಅಣ್ಣಾರ, ಕರದ್ರ ತಿರುಗಿ ನೋಡಂಗಿಲ್ಲ. ಮೂರು ಮಂದಿ ಕೂಡಿದ್ರ ಬಾಜೂಕ ಯಾರ್ ಅದಾರ ಅಂತ ಮ್ಯಾಲಿಂದ ಮ್ಯಾಲೆ ನೋಡ್ತಿರ್ತಾನ."

ನಾನು ತಲೆಯಾಡಿಸಿದೆ. ತಿಳಿದವನ ಹಾಗೆ ತಲೆಯಾಡಿಸುವುದು ದಲ್ಲಾಳಿಗೆ ಹುಟ್ಟಿನಿಂದ ಬರುತ್ತದೆ.

ಆರು ಯಂತ್ರಕ್ಕೆ ಅಂದು ಐವರೇ ಇದ್ದರು. ನನ್ನ ಮೊಮ್ಮಗ ಕೆಂಪು ಕಡೆ ಕೂತಿದ್ದ. ಅವನ ಪಕ್ಕದಲ್ಲಿ ಅಂಗಡಿಯಾಕೆಯ ಮಗಳು. ನಾಲ್ಕನೇ ತರಗತಿಯ ಹುಡುಗಿ, ಎಣ್ಣೆ ಹಚ್ಚಿ ಎಳೆದು ಕಟ್ಟಿದ ಎರಡು ಜಡೆ, ಕುರ್ಚಿಯ ಮೇಲೆ ಎರಡು ದಪ್ಪ ಪುಸ್ತಕ ಇಟ್ಟುಕೊಂಡು ಅದರ ಮೇಲೆ ಕೂತಿದ್ದಳು. ಕೆಂಪು ಕಡೆಗೆ ಮುಂದಾಳು ಅವಳೇ. ನನ್ನ ಮನೆತನದ ಗಂಡುಮಗ ಅವಳು ಹೇಳಿದ ಕಡೆ ಓಡುತ್ತಿದ್ದ. ಇದು ನನಗೆ ಚುಚ್ಚಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅವಳು ತಿರುಗಿ ನನ್ನನ್ನು ನೋಡಿದಳು. "ಅಜ್ಜಾರ, ನಮ್ಮ ಕಡಿಗೆ ಒಬ್ಬ ಕಮ್ಮಿ ಅದಾನ್ರಿ. ಕುಂದರ್ತೀರೇನು?"

"ನಮ್ಮಜ್ಜಗ ಇಲಿ ಹಿಡಿಯಾಕ ಬರಂಗಿಲ್ಲಲೇ" ಅಂದ ಮೊಮ್ಮಗ, ಕೈಯಲ್ಲಿದ್ದ ಮೌಸನ್ನು ತೋರಿಸಿ. "ಕುರಿ ಕಿವಿ ಹಿಡಿಯಾಕ ಬರ್ತೈತಿ."

ಎಲ್ಲರೂ ನಕ್ಕರು. ಅಂಗಡಿಯಾಕೆ ಸೆರಗು ಬಾಯಿಗೆ ಹಿಡಿದುಕೊಂಡಳು. ಮರ್ಯಾದೆ ಬಿಡಬಾರದೆಂದು ಕೂತೆ.

ಪರದೆಯ ಮೇಲೆ ನನ್ನದೊಂದು ಕೆಂಪು ಅಂಗಿಯ ಮನುಷ್ಯ ನಿಂತಿದ್ದ. ಅವನನ್ನು ಮುಂದೆ ನಡೆಸಲು ಹೋದರೆ ಗೋಡೆಗೆ ಹಾಯುತ್ತಿದ್ದ, ತಿರುಗಿಸಲು ಹೋದರೆ ಆಕಾಶ ನೋಡುತ್ತಿದ್ದ. ಕಾವಲಿನವರು ಬಂದು ಹೊಡೆದರು, ಬಿದ್ದ. ನನ್ನ ಆಟ ಮುಗಿಯಿತು ಅಂದುಕೊಂಡು ಏಳಲು ಹೋದೆ. ಆಗ ತಿಳಿಯಿತು, ಆ ಆಟದಲ್ಲಿ ಬಿದ್ದವನು ಸಾಯುವುದಿಲ್ಲ. ಬಿದ್ದಲ್ಲೇ ಬಿದ್ದಿರುತ್ತಾನೆ. ತನ್ನ ಕಡೆಯವರು ಯಾರಾದರೂ ಹಿಂದಕ್ಕೆ ಬಂದು ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರೆ ಮಾತ್ರ ಏಳುತ್ತಾನೆ, ತಾನಾಗಿ ಏಳಲು ಬರುವುದಿಲ್ಲ. ಇನ್ನೂ ಒಂದು ಕಟ್ಟಳೆ. ಕೋಟೆಯ ಬಾಗಿಲ ಮುಂದೆ ಮೂರು ಕಲ್ಲು ಇವೆ, ಮೂವರೂ ಬಂದು ಮೂರರ ಮೇಲೆ ನಿಂತರೇ ಬಾಗಿಲು ತೆರೆಯುವುದು. ಎಂಥ ಶೂರನಾದರೂ ಒಬ್ಬನೇ ಒಳಗೆ ಹೋಗುವ ಹಾಗಿಲ್ಲ.

ಮೊಮ್ಮಗ ಆಗಲೇ ಬಾಗಿಲ ಹತ್ತಿರ ಇದ್ದ, ಅಜ್ಜನನ್ನು ಬಿಡು ಎಂದು ಕೂಗಿದ. ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಅವನಿಗೆ ಹೇಳಿದಳು, "ಎದಕ್ಕ ಬಿಡೂದು? ಅಜ್ಜಾರನ್ನ ಬಿಟ್ಟು ಅಲ್ಲಿ ಹೋಗಿ ನೀ ಬಾಗ್ಲಾ ಕಾಯ್ತೀಯೇನು? ಸುಮ್ನ ನಿಲ್ಲು."

ಬಂದಳು. ನನ್ನ ಮನುಷ್ಯನ ಪಕ್ಕ ಅವಳ ಮನುಷ್ಯ ನಿಂತ. ನಾನು ಎದ್ದೆ. ನಾಲ್ಕು ಹೆಜ್ಜೆಗೆ ಮತ್ತೆ ಬಿದ್ದೆ. ಮತ್ತೆ ಬಂದಳು. ಎಷ್ಟು ಸಲ ಬಿದ್ದೆನೋ ಅಷ್ಟು ಸಲ ಬಂದಳು. ಒಮ್ಮೆ ನನ್ನನ್ನು ಎಬ್ಬಿಸಲು ಹೋಗಿ ಅವಳೇ ಗುಂಡು ತಿಂದು ಬಿದ್ದಳು. ಆಗ ಮೊಮ್ಮಗ ಬೈಯುತ್ತ ಬಾಗಿಲಿನಿಂದ ಹಿಂದೆ ಬಂದು ಇಬ್ಬರನ್ನೂ ಎಬ್ಬಿಸಿದ. "ಅಜ್ಜಾರ, ನೀವು ಗುಂಡು ಹಾರಸಬ್ಯಾಡ್ರಿ, ಬರೇ ನನ್ನ ಬೆನ್ನ ಹತ್ತಿ ಬರ್ರಿ" ಅಂದಳು ಹುಡುಗಿ. ಹಾಗೇ ಹೋದೆ. ಬಾಗಿಲು ಕಾಣುವಷ್ಟರಲ್ಲಿ ನೀಲಿಯವರು ಒಳಗೆ ಹೋಗಿದ್ದರು.

ನನ್ನಿಂದಲೇ ಸೋತರು. ಯಾರೂ ನನಗೆ ಏನೂ ಅನ್ನಲಿಲ್ಲ. ನೀಲಿ ಕಡೆಯ ಒಬ್ಬ ಹುಡುಗ ಕುಣಿದ, ಇನ್ನೊಬ್ಬ ಅವನನ್ನು ತಳ್ಳಿದ, ಅಂಗಡಿಯಾಕೆ ಇಬ್ಬರ ಕಿವಿಯನ್ನೂ ಹಿಂಡಿದಳು. ನಾನು ಹೊರಡುವಾಗ ಹುಡುಗಿಯನ್ನು ಕರೆದು, ಇಷ್ಟು ಹೊಡೆದಾಟ ನೋಡಿ ನಿನಗೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದೆ. ದೈವಕ್ಕೆ ಹೇಳಲು ಏನಾದರೂ ಬೇಕಿತ್ತು ನನಗೆ.

ಅವಳು ಯೋಚಿಸಿ ಹೇಳಿದಳು, "ಇದರಾಗ ಬಿದ್ದೋರು ಏಳ್ತಾರಲ್ರಿ. ಕಾಳಗದಾಗ ಬಿದ್ದ ನಿಮ್ಮ ಟಗರು ಅವತ್ತ ಏಳಲೇ ಇಲ್ಲ. ಅದಕ್ಕ ಹೆದರಿಕಿ ಆಗಿತ್ತು."

ಮನೆಗೆ ನಡೆಯುತ್ತ ನಾನು ನಿಜವಾಗಿಯೂ ತೂಗಿ ನೋಡಿದೆ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಕೆಟ್ಟದ್ದೂ ಇತ್ತು. ಮಕ್ಕಳು ಕಣ್ಣು ಮಿಟುಕಿಸುವುದನ್ನೇ ಮರೆಯುತ್ತಿದ್ದರು. ಕೊಲ್ಲು, ಹೊಡಿ ಎಂಬ ಮಾತು ಎಲೆ ಅಡಿಕೆ ಉಗುಳಿದ ಹಾಗೆ ಬರುತ್ತಿತ್ತು. ಕಟ್ಟಳೆ ಮೀರಿ ಅಣ್ಣನ ಜೊತೆ ಒಳಗೆ ಬಂದಿದ್ದ ಒಂದು ಪುಟ್ಟ ಕೂಸು ಗದ್ದಲಕ್ಕೆ ಬೆಚ್ಚಿ ಬಾಗಿಲಿಗೆ ಒರಗಿ ನಿಂತಿತ್ತು. ಅಂಥ ಕೂಸುಗಳಿಗೆ ಬೇಡ. ಸ್ವಲ್ಪ ಬಲಿತವರಿಗೆ, ದೊಡ್ಡವರೊಬ್ಬರು ಅಲ್ಲೇ ಇದ್ದು, ಹೊತ್ತು ನೋಡಿಕೊಂಡು ಆಡಿಸಿದರೆ ಅಡ್ಡಿಯಿಲ್ಲ. ಬಿದ್ದವನನ್ನು ಬಿಟ್ಟು ಮುಂದೆ ಹೋಗಲು ಬಾರದ ಆಟ ಅದು. ನಮ್ಮ ಊರಿನಲ್ಲಿ ಆ ಗುಣದ ಬೇರೆ ಆಟ ಆಗ ನನಗೆ ನೆನಪಾಗಲಿಲ್ಲ. ಇದು ನನ್ನ ನಿಜವಾದ ತೀರ್ಪು. ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅದನ್ನು ಮಡಚಿ ಒಳಗಿಟ್ಟೆ. ಬೆರಳು ಕೊಟ್ಟಾಗಿತ್ತಲ್ಲ.

ದೈವ ಕೂಡಿತು. ಗುಡಿಯ ಕಟ್ಟೆಯ ಮೇಲೆ ನಡುವೆ ಸಾಹುಕಾರ, ಅವನ ಹೆಗಲ ಮೇಲೆ ಅದೇ ಟವಲು. ಕಿರಾಣಿಯವನು, ಮೇಷ್ಟ್ರು, ಇಸ್ಪೀಟಿನವನು, ಇನ್ನೂ ಕೆಲವರು. ಕೆಳಗೆ ಅಂಗಡಿಯಾಕೆ ಮತ್ತು ಅವಳ ಪಕ್ಕ ಮಗಳು. ಮಕ್ಕಳು ಬರಬಾರದೆಂದಿದ್ದರೂ ನಾಲ್ಕಾರು ಹುಡುಗರು ಬೇವಿನ ಮರದ ಕೆಳಗೆ ನಿಂತಿದ್ದರು, ನನ್ನ ಮೊಮ್ಮಗನೂ ಇದ್ದ. ಹಿರಿಯರು ಒಬ್ಬರಾದ ಮೇಲೆ ಒಬ್ಬರು ಮಕ್ಕಳ ಬಗ್ಗೆ ಕಾಳಜಿ ಸುರಿಸಿದರು. ತಮ್ಮ ಮಕ್ಕಳು ಎಷ್ಟನೇ ತರಗತಿಯಲ್ಲಿ ಇದ್ದಾರೆಂದು ಕೇಳಿದ್ದರೆ ಅವರಲ್ಲಿ ಅರ್ಧ ಮಂದಿ ಹೆಂಡತಿಯನ್ನು ಕೇಳಿ ಬರಬೇಕಾಗಿತ್ತು.

ಅಂಗಡಿಯಾಕೆಗೆ ಮಾತಾಡಲು ಹೇಳಿದರು. ಆಕೆ ಅವರಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು.

"ಅಣ್ಣಾರ, ನೀವು ಕುಂತು ಆಡೀರಿ. ನೀವು ಕಂಡಿದ್ದಷ್ಟ ಹೇಳ್ರಿ. ನಾ ಅದಕ್ಕ ಒಪ್ಪಿಗಿ ಅದೀನಿ."

ಇದಕ್ಕಿಂತ ಹೆಚ್ಚು ನಂಬಿಕೆಯನ್ನು ನನ್ನ ಮೇಲೆ ಯಾರೂ ಇಟ್ಟದ್ದಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು, ಆಟ ಮಕ್ಕಳಿಗೆ ಯೋಗ್ಯವಲ್ಲ ಅಂದೆ. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಟಗರು ಸಾಕುವ ಒಬ್ಬ ಮುದುಕ, ಆ ಸಭೆಯಲ್ಲಿ ಸ್ವಲ್ಪ ನ್ಯಾಯ ಬಲ್ಲವನು, ಕೇಳಿದ: ಯಾಕೆ ಯೋಗ್ಯವಲ್ಲ, ಏನು ನೋಡಿದಿ? ಬಂದೂಕು ಇದೆ ಅಂದೆ. ಜಾತ್ರೆಯಲ್ಲಿ ಬಂದೂಕಿನಿಂದ ಬಲೂನು ಹೊಡೆಸುತ್ತೇವಲ್ಲ ಅಂದ. ಜನ ನಕ್ಕರು. ಸಾಹುಕಾರ ಟವಲು ತೆಗೆದು ಮುಖ ಒರೆಸಿಕೊಂಡ, ಒರೆಸುತ್ತ ನನ್ನ ಕಡೆ ನೋಡಿದ.

ನಾನು ಹೇಳಿದೆ. ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ. "ಬಂದೂಕಿನ ಮಾತು ಬಿಡ್ರಿ. ಬಿದ್ದೋರನ್ನ ಬಿಟ್ಟು ಮುಂದ ಹೋಗೂದನ್ನ ಕಲಸ್ತೈತಿ ಆ ಆಟ. ಈ ಹುಡುಗೀನ ಹೇಳಿಕೊಡ್ತಾಳ. ನಾ ಬಿದ್ದಾಗ ಮುದುಕ ಬಿದ್ರ ಬೀಳಲಿ ಬರ್ರಿ ಅಂದು ಹುಡುಗರನ್ನ ಕರಕೊಂಡು ಹ್ವಾದ್ಲು."

ಹೇಳಬಹುದಾಗಿದ್ದ ಅಷ್ಟು ಸುಳ್ಳುಗಳಲ್ಲಿ ಇದನ್ನೇ ಯಾಕೆ ಆರಿಸಿಕೊಂಡೆ? ನಿಜ ಯಾವುದೋ ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ತಡೆಯಲು ಹೋದಾಗ ಅದೇ ತಲೆಕೆಳಗಾಗಿ ಹೊರಗೆ ಬಿತ್ತು. ಇಷ್ಟು ವರ್ಷ ಯೋಚಿಸಿ ನನಗೆ ಸಿಕ್ಕ ಸಮಾಧಾನ ಇಷ್ಟೇ. ಇದೂ ಒಂದು ನೆಪವೇ ಇರಬಹುದು.

ಹಿರಿಯರನ್ನು ಬಿದ್ದಲ್ಲೇ ಬಿಟ್ಟು ಹೋಗುವುದೆಂದರೆ ನಮ್ಮ ಕಡೆ ಬಹಳ ದೊಡ್ಡ ಮಾತು. ಟಗರು ಸಾಕುವ ಮುದುಕನೂ ತಲೆ ಅಲ್ಲಾಡಿಸಿದ. ಹುಡುಗಿ ಮುಂದೆ ಬಂದಳು. ಅಳಲಿಲ್ಲ. ನನಗೆ ಮರೆತಿರಬೇಕು ಎಂದುಕೊಂಡಳೇನೋ, ನೆನಪು ಮಾಡಿಕೊಡುವ ದನಿಯಲ್ಲಿ ಹೇಳಿದಳು.

"ಇಲ್ರಿ ಅಜ್ಜಾರ. ನಾ ಬಂದಿದ್ನಲ್ರಿ."

ದೈವದ ಮುಂದೆ ಮಕ್ಕಳು ಬಾಯಿ ಹಾಕಬಾರದೆಂದು ಮೇಷ್ಟ್ರು ಗದರಿದರು. ನಾನು ಬೇವಿನ ಮರದ ಕಡೆ ನೋಡಿದೆ. ಮೊಮ್ಮಗ ನನ್ನನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಅಜ್ಜನ ಮರ್ಯಾದೆಗೆ ಅವನು ಸುಮ್ಮನಿದ್ದ. ಒಬ್ಬ ಹತ್ತು ವರ್ಷದವನಿಗೆ ನಾನು ಅಂದು ಕಲಿಸಿದ್ದು ಅದು. ಕ್ವಾಟಿ ಆಟ ಕಲಿಸದೇ ಇದ್ದದ್ದು.

ತೀರ್ಪು ಆಯಿತು. ಆಟ ನಿಲ್ಲಿಸಬೇಕು, ಕೋಣೆಯ ವಿಚಾರ ಸಾಹುಕಾರನಿಗೆ ಬಿಟ್ಟದ್ದು, ಹುಡುಗಿ ದೈವಕ್ಕೆ ಅಡ್ಡಬೀಳಬೇಕು. ಅಡ್ಡಬೀಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ತಪ್ಪು ಮಾಡಿದವರು ಕಟ್ಟೆಯ ಮುಂದೆ ಉದ್ದಕ್ಕೆ ಮಲಗಬೇಕು. ಯಾರಿಗೆ ತಪ್ಪು ಮಾಡಿದರೋ ಅವರು ಏಳು ಎಂದು ಹೇಳುವ ತನಕ ಏಳಬಾರದು. ಬೇರೆ ಯಾರೂ ಎಬ್ಬಿಸಬಾರದು. ಏಳು ಎಂದರೆ ಅಲ್ಲಿಗೆ ಕ್ಷಮಿಸಿದ ಹಾಗೆ, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ.

ಅವಳು ಮಲಗಿದಳು. ಶಾಲೆಯ ನೀಲಿ ಲಂಗ, ಎರಡು ಜಡೆ ಮಣ್ಣಿನ ಮೇಲೆ. ಎಲ್ಲರೂ ನನ್ನ ಬಾಯಿ ನೋಡಿದರು.

ಏಳವ್ವ. ಒಂದೇ ಮಾತು. ಅದು ಬರಲಿಲ್ಲ. ಏಳು ಅಂದರೆ ಅವಳು ತಪ್ಪು ಮಾಡಿದ್ದಳು, ನಾನು ಕ್ಷಮಿಸಿದೆ ಎಂದಾಗುತ್ತದೆ. ತಪ್ಪು ಅವಳದಲ್ಲ ಅಂದರೆ ಅಂಗೈ ಒತ್ತಿದ್ದು ಸುಳ್ಳಾಗುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಧರ್ಮಾತ್ಮನ ಹಾಗೆ ನಾನು ಕೂತೆ. ಈಗ ಹೇಳುವಾಗ ದೊಡ್ಡ ಸಂಕಟದಂತೆ ಕೇಳುತ್ತದೆ. ಅಂದು ಅದು ಬರೀ ಹೇಡಿತನ. ಒಂದು ಮಗು ಮಣ್ಣಿನಲ್ಲಿ ಮುಖ ಇಟ್ಟುಕೊಂಡು, ಯಾರಾದರೂ ಪಕ್ಕದಲ್ಲಿ ಬಂದು ನಿಲ್ಲಲಿ ಎಂದು ಕಾಯುತ್ತಿತ್ತು. ನಾನು ಕಟ್ಟೆಯ ಕಲ್ಲಿನ ಸಂದಿಯಲ್ಲಿ ಬೆಳೆದ ಗರಿಕೆ ನೋಡುತ್ತಿದ್ದೆ.

ಕೊನೆಗೆ ಅವ್ವನೇ ಬಂದಳು. ಕ್ರಮ ಮುರಿದು, ಮಗಳ ರಟ್ಟೆ ಹಿಡಿದು ಎತ್ತಿ, ಎದೆಯ ಮೇಲಿನ ಮಣ್ಣು ಕೊಡವಿದಳು. ಹಿರಿಯರು ಗುಜುಗುಜು ಅಂದರು. ಅವರಿಗೆ ದೈವದ ಕ್ರಮ ಕೆಟ್ಟದ್ದು ದೊಡ್ಡದಾಗಿ ಕಂಡಿತು. ಆಕೆ ಅವರತ್ತ ತಿರುಗಿಯೂ ನೋಡದೆ ನಡೆದುಹೋದಳು.

ಆ ವಾರವೇ ಯಂತ್ರಗಳನ್ನು ಟೆಂಪೋದಲ್ಲಿ ಹೇರಿಕೊಂಡು ತಾಯಿ ಮಗಳು ಹರಪನಹಳ್ಳಿಗೆ ಹೋದರು. ಕೋಣೆಯಲ್ಲಿ ಮೊಬೈಲ್ ಅಂಗಡಿ ಬಂತು. ಸ್ವಲ್ಪ ವರ್ಷಕ್ಕೆ ಆ ಮೊಬೈಲುಗಳಲ್ಲೇ ಆಟ ಬಂದವು. ಮಕ್ಕಳ ಭವಿಷ್ಯಕ್ಕೆ ಮಿಡಿದಿದ್ದ ಅದೇ ಹಿರಿಯರು ಅಳುವ ಕೂಸಿನ ಕೈಗೆ ಅದನ್ನು ಕೊಟ್ಟು ಇಸ್ಪೀಟಿಗೆ ಕೂತರು. ಈಗ ಒಬ್ಬೊಬ್ಬ ಹುಡುಗ ಒಂದೊಂದು ಮೂಲೆ ಹಿಡಿದು ಕೂತಿರುತ್ತಾನೆ, ಕರೆದರೆ ತಿರುಗುವುದಿಲ್ಲ. ದೈವ ಕೂಡಿಸೋಣ ಎಂದು ಯಾರೂ ಅನ್ನುವುದಿಲ್ಲ. ಬೇಕಾದ ಕೋಣೆ ಸಿಕ್ಕಾಗಿದೆ.

ಮೊಮ್ಮಗನಿಗೆ ತಪ್ಪಾಯಿತೆಂದು ಹೇಳಿದೆ, ಅವನು ಕಾಲೇಜಿಗೆ ಹೋಗುವಾಗ. "ನಂಗೂ ಬಾಯಿತ್ತಲ್ಲಜ್ಜ" ಅಂದ. ಅಂಗಡಿಯಾಕೆಗೂ ಹೇಳಿದೆ. ಹರಪನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಕುರಿ ಸಂತೆ ಮುಗಿಸಿ ಹೋಗಿ ಬಾಗಿಲಲ್ಲಿ ನಿಂತೆ. ಗುರುತು ಹಿಡಿದಳು, ಕುಡಿಯಲು ನೀರು ಕೊಟ್ಟಳು. ಎಲ್ಲವನ್ನೂ ಹೇಳಿದೆ, ಟವಲಿನ ಕೆಳಗಿನದನ್ನೂ ಬಿಡಲಿಲ್ಲ. ಆಕೆ ಯಾವುದೋ ಕಾಗದಗಳ ಅಂಚು ಕೂಡಿಸುತ್ತ ಕೇಳಿದಳು. ಮುಗಿದ ಮೇಲೆ ಅಂದಳು, "ನನಗ ಹೇಳಿದ್ದು ಆತ್ರಿ. ಆದ್ರ ಅಡ್ಡಬಿದ್ದಾಕಿ ನಾನಲ್ಲಲ್ರಿ."

ಮಗಳಿಗೆ ಹಡಗಲಿಯಲ್ಲಿ ನೌಕರಿ ಎಂದು ಆಕೆಯೇ ತಿಳಿಸಿದಳು. ಹಡಗಲಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮಿರ್ಚಿ ತಿಂದು, ಅದೇ ಬಸ್ಸಿಗೆ ಹಿಂದಿರುಗಿದೆ. ಇನ್ನೊಮ್ಮೆಯೂ ಹಾಗೇ ಮಾಡಿದೆ. ಮಿರ್ಚಿ ಚೆನ್ನಾಗಿತ್ತು ಎಂದು ಹೆಂಡತಿಗೆ ಹೇಳಿದೆ.

ಅದಾದ ಮೇಲೆ ಒಂದು ದಿನ ಹಗರಿಬೊಮ್ಮನಹಳ್ಳಿಯಲ್ಲಿ ಹಡಗಲಿಯ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ನಡುವಿನ ಸೀಟಿನಲ್ಲಿ ಕೂತಿದ್ದ ಹೆಣ್ಣುಮಗಳು ನನ್ನನ್ನು ನೋಡಿ ಎದ್ದಳು. ಅವ್ವನದೇ ಮುಖ, ಅದೇ ಹಣೆ. ಜಡೆ ಮಾತ್ರ ಒಂದೇ ಆಗಿತ್ತು. "ಕುಂದರ್ರಿ ಅಜ್ಜಾರ" ಅಂದಳು. ಗುರುತು ಹಿಡಿದು ಎದ್ದಳೋ, ಯಾವ ಮುದುಕ ಬಂದರೂ ಏಳುತ್ತಿದ್ದಳೋ, ತಿಳಿಯಲಿಲ್ಲ. ನಾನು ಕೂತೆ. ಅವಳು ಕಂಬಿ ಹಿಡಿದು ನನ್ನ ಪಕ್ಕದಲ್ಲೇ ಹಡಗಲಿಯ ತನಕ ನಿಂತು ಬಂದಳು. ನಾನು ಅಷ್ಟು ದೂರವೂ ಕಿಟಕಿಯ ಹೊರಗೆ ನೋಡಿದೆ. ಅವಳು ಇಳಿಯುವಾಗ ಬಾಯಿ ತೆರೆದೆ, ಕಂಡಕ್ಟರ್ ಸೀಟಿ ಊದಿದ.

ಆಟ ಮಕ್ಕಳಿಗೆ ಯೋಗ್ಯವೋ ಎಂದು ಕೇಳಿದ್ದರಲ್ಲ, ನಾನು ಮಕ್ಕಳಿಗೆ ಯೋಗ್ಯನೋ ಎಂದು ಯಾರೂ ಕೇಳಲಿಲ್ಲ. ತಪ್ಪಾಯಿತು ಎಂಬ ಮಾತನ್ನು ನಾನು ಯಾರ್ಯಾರಿಗೆ ಹೇಳಬೇಕಾಗಿತ್ತೋ ಅವರಲ್ಲಿ ಉಳಿದಿರುವುದು ಒಬ್ಬಳೇ: ಕಂಪ್ಯೂಟರ್ ಅಂಗಡಿಯಾಕೆಯ ಮಗಳು, ಆಗ ನಾಲ್ಕನೇ ತರಗತಿ, ಪುಸ್ತಕದ ಮೇಲೆ ಕೂತು ಆಡುತ್ತಿದ್ದ ಕೆಂಪು ಕಡೆಯ ಮುಂದಾಳು.